ಮೆಕ್‌ಗ್ರಾ ಅಂದ್ರೆ ವಿಲ್ಲಾ ದಿನಗಳು

ಐರ್ಲೆಂಡ್‌ನ ಫುಟ್‌ಬಾಲ್ ಡಿಫೆಂಡರ್ ಪಾಲ್ ಮೆಕ್‌ಗ್ರಾ ಬಗ್ಗೆ ಲೇಖನ ಬರೆದಿದ್ದಕ್ಕೆ ಥ್ಯಾಂಕ್ಸ್ ಸರ್. ಆದರೆ ಅದರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕಾಲದ್ದೇ ಜಾಸ್ತಿ ಆಯ್ತು, ಆಮೇಲೆ ಆಡಿದ ಇಂಗ್ಲೆಂಡಿನ ಇನ್ನೊಂದು ಕ್ಲಬ್ ಆಸ್ಟನ್ ವಿಲ್ಲಾಗೆ ಎರಡೇ ಸಾಲು ಅಂದ್ರೆ ಹೇಗೆ? 1989ರಲ್ಲಿ ವಿಲ್ಲಾಗೆ ಬಂದಾಗಲೇ ಅವರ ಮಂಡಿ ಪೂರ್ತಿ ಹಾಳಾಗಿತ್ತು. ವಾರವಿಡೀ ಸರಿಯಾಗಿ ಪ್ರಾಕ್ಟೀಸ್ ಕೂಡ ಮಾಡೋಕಾಗದೆ, ಪಂದ್ಯದ ದಿನ ಮಾತ್ರ ಬಂದು ಎಂಥೆಂಥ ಸ್ಟ್ರೈಕರ್‌ಗಳನ್ನೂ ಕಟ್ಟಿಹಾಕುತ್ತಿದ್ದರು, 1993ರಲ್ಲಿ ಇಂಗ್ಲಿಷ್ ಲೀಗ್‌ನ ಆಟಗಾರರೇ ಓಟು ಹಾಕಿ ವರ್ಷದ ಆಟಗಾರ ಅಂತ ಆರಿಸಿದರು. ಇದು ಸುಮ್ನೆ ಸಿಗುತ್ತಾ? 1994ರ ವಿಶ್ವಕಪ್‌ನಲ್ಲಿ ಐರ್ಲೆಂಡ್ ಇಟಲಿಯನ್ನು 1-0 ಸೋಲಿಸಿದ ಪಂದ್ಯ ಹುಡುಕಿ ನೋಡಿ. ಗೋಲು ಹೊಡೆದದ್ದು ರೇ ಹೌಟನ್. ಗೆಲ್ಲಿಸಿದ್ದು ಮೆಕ್‌ಗ್ರಾ ಅಂತಲೇ ನಾನು ಹೇಳೋದು. ಆಗ ವಯಸ್ಸು 34, ಚೆಂಡು ಮುಖಕ್ಕೆ ಬಡಿದರೂ ಎದ್ದು ಮತ್ತೆ ಅಡ್ಡ ನಿಂತರು.