ಮೂರಕ್ಷರದ ಶೋಕ

ವಿಜಯಪುರದ ಯಾವುದೇ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಸುಕಿಗೆ ಸಾವಿನ ಸುದ್ದಿಯೊಂದು ಬಿದ್ದರೆ ಸಾಕು, ಒಲೆಯ ಮೇಲಿನ ಚಹಾ ಕುದಿಯುವಷ್ಟರಲ್ಲಿ ಅದರ ಕೆಳಗೆ ‘ಆರ್‌ಐಪಿ’ಗಳ ಸಾಲು ಹತ್ತುತ್ತದೆ. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಮಾರ್ದನಿ ಕೇಳುತ್ತದೆಂದು ಗೈಡುಗಳು ಹೇಳುತ್ತಾರೆ; ಗುಂಪಿನ ಸದಸ್ಯರು ಆ ದಾಖಲೆಯನ್ನು ಎಂದೋ ಮುರಿದಿದ್ದಾರೆ. ತೀರಿಕೊಂಡವರು ಯಾರ ಪೈಕಿ, ಏನಾಗಿತ್ತು ಎಂದು ವಿಚಾರಿಸುವವರು ವಿರಳ. ಮೇಲಿನವರು ಹಾಕಿದ್ದಾರೆ, ನಾವೂ ಹಾಕಬೇಕು; ಹಾಕದಿದ್ದರೆ ನಾಳೆ ಗಾಂಧಿ ಚೌಕದಲ್ಲಿ ಎದುರಾದಾಗ ಮುಖ ತೋರಿಸುವುದು ಹೇಗೆ?

ಸತ್ತವರ ಆತ್ಮಕ್ಕೆ ಶಾಂತಿ ಕೋರುವ ಲ್ಯಾಟಿನ್ ಪ್ರಾರ್ಥನೆಯ ಮೊದಲಕ್ಷರಗಳಿವು. ಕ್ರೈಸ್ತರ ಗೋರಿಗಲ್ಲುಗಳ ಮೇಲೆ ಇವನ್ನು ಕೆತ್ತುತ್ತಿದ್ದವನ ಕೈಯಲ್ಲಿ ಉಳಿ ಇತ್ತು, ಮುಂದೆ ಕಲ್ಲಿತ್ತು. ಅವನು ಅಕ್ಷರ ಉಳಿಸಿದರೆ ಒಪ್ಪಬಹುದು. ಎಸ್‌ಎಂಎಸ್ ಕಾಲಕ್ಕೂ ಒಂದು ಸಬೂಬಿತ್ತು: ಒಂದು ಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿದರೆ, ಕನ್ನಡ ಲಿಪಿಗೆ ಸಿಗುತ್ತಿದ್ದದ್ದು 70 ಚಿಹ್ನೆಗಳ ಜಾಗ, ಅದರಲ್ಲಿ ಒತ್ತು, ಗುಣಿತಗಳಿಗೂ ಬೇರೆ ಬೇರೆ ಲೆಕ್ಕ. ಈಗ ಹಾಗಲ್ಲ. ಉದಯಿಸುವ ಸೂರ್ಯ, ನೀರು ಜಿನುಗುವ ಗುಲಾಬಿ, ಯಾರು ಹೇಳಿದರೆಂದು ಯಾರಿಗೂ ಗೊತ್ತಿಲ್ಲದ ಸುಭಾಷಿತ, ಮೂತ್ರಪಿಂಡದ ಕಲ್ಲಿಗೆ ಮನೆಮದ್ದು ಹೇಳುವ ಹತ್ತು ನಿಮಿಷದ ವಿಡಿಯೊ, ಇವಿಷ್ಟನ್ನೂ ದಿನಬೆಳಗಾದರೆ ಧಾರಾಳವಾಗಿ ಹಂಚುವ ಮಹನೀಯರು ಸಾವಿನೆದುರು ಮಾತ್ರ ಏಕಾಏಕಿ ಮಿತವ್ಯಯದ ವ್ರತ ಹಿಡಿಯುತ್ತಾರೆ.

ಅದೂ ಎಂಥ ಊರಿನಲ್ಲಿ! ಇಲ್ಲಿ ಮೊಹಮ್ಮದ್ ಆದಿಲ್‌ಶಾಹ ಬದುಕಿರುವಾಗಲೇ ತನ್ನ ಗೋರಿಯ ಕೆಲಸ ಹಚ್ಚಿ, 1656ರಲ್ಲಿ ಸುಮಾರು 44 ಮೀಟರ್ ವ್ಯಾಸದ ಗುಮ್ಮಟದ ಅಡಿಯಲ್ಲಿ ಮಲಗಿದ. ಅವನ ಮಗ ಎರಡನೆಯ ಅಲಿ ಇನ್ನೂ ದೊಡ್ಡದಕ್ಕೆ ಕೈಹಾಕಿ 1672ರಲ್ಲಿ ತೀರಿಕೊಂಡದ್ದರಿಂದ ಬಾರಾ ಕಮಾನ್ ಇಂದಿಗೂ ಬರೀ ಕಮಾನುಗಳಾಗಿ ನಿಂತಿದೆ. ಆ ಕಾಲಕ್ಕೆ ಮೊಬೈಲ್ ಇದ್ದಿದ್ದರೆ ಖಜಾನೆಗೆ ಎಷ್ಟು ಉಳಿತಾಯವಾಗುತ್ತಿತ್ತು! ಸುಲ್ತಾನರ ಮಾತು ಬಿಡಿ. ಸತ್ತವರ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿಕೊಂಡು ಅಳುತ್ತಿದ್ದ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು, ಹೆಣದ ಮುಂದೆ ಬೆಳತನಕ ತಾಳ ಬಡಿಯುತ್ತಿದ್ದ ಭಜನೆಯವರು, ‘ಮಾತಾಡಿಸಿ ಬರ್ತೀನಿ’ ಎಂದು ಸಿಂದಗಿ ಬಸ್ಸು ಹತ್ತುತ್ತಿದ್ದ ಬೀಗರು, ಇವರೆಲ್ಲರೂ ಸಮಯದ ಬೆಲೆ ತಿಳಿಯದವರೆಂದೇ ಈಗ ತೀರ್ಮಾನಿಸಬೇಕಾಗಿದೆ.

ಆದರೂ ಒಂದು ಗುಣವನ್ನು ಒಪ್ಪಲೇಬೇಕು. ಲಿಂಗೈಕ್ಯರಾದವರಿಗೂ, ದಫನ್ ಆದವರಿಗೂ, ಚಿತೆಯೇರಿದವರಿಗೂ, ಬಡಾವಣೆಯ ಅಚ್ಚುಮೆಚ್ಚಿನ ನಾಯಿಗೂ ಇದೊಂದೇ ಸಲ್ಲುತ್ತದೆ. ಇಷ್ಟು ಅಗ್ಗದ ದರದಲ್ಲಿ ಸಮಾನತೆಯನ್ನು ಬೇರೆ ಯಾವ ಸುಧಾರಕರೂ ತಂದದ್ದಿಲ್ಲ.

ಇನ್ನು ವೇಗದ ವಿಷಯ. ಇತ್ತೀಚೆಗೆ ಒಂದು ಗುಂಪಿನಲ್ಲಿ ಹೆಡ್‌ಮಾಸ್ತರರೊಬ್ಬರ ಫೋಟೊ ಬಂದಿತು: ತಲೆಗೆ ರುಮಾಲು, ಮೈಮೇಲೆ ಶಾಲು, ಗಲ್ಲ ಮುಚ್ಚುವಂತೆ ಚೆಂಡು ಹೂವಿನ ಹಾರ, ಕ್ಯಾಮೆರಾದ ಬೆಳಕಿಗೆ ಅರ್ಧ ಮುಚ್ಚಿದ ಕಣ್ಣು. ಸೇವಾನಿವೃತ್ತಿಯ ವಿವರ ಕೆಳಗಿತ್ತು. ಅದನ್ನು ಓದಲು ‘ಮುಂದೆ ಓದಿ’ ಎಂಬಲ್ಲಿ ಒತ್ತಬೇಕಾಗಿತ್ತು. ಒಬ್ಬರು ಒತ್ತದೆಯೇ ‘ಆರ್‌ಐಪಿ ಸರ್’ ಎಂದರು. ಉಳಿದವರು ಹಿಂದೆ ಬೀಳಲಿಲ್ಲ. ಕೆಲವರು ಕೈಮುಗಿದರು, ಒಬ್ಬ ಹಳೆಯ ವಿದ್ಯಾರ್ಥಿ ಮಣ್ಣು ಎಷ್ಟು ಗಂಟೆಗೆ ಎಂದೂ ಕೇಳಿದ. ಸಂಜೆ ಸತ್ಕಾರಗಳೆಲ್ಲ ಮುಗಿದ ಮೇಲೆ ಮಾಸ್ತರರು ಕನ್ನಡಕ ಹುಡುಕುವ ಗೋಜಿಗೆ ಹೋಗದೆ, ಇಷ್ಟೊಂದು ಜನ ಹಾರೈಸಿದ್ದಾರಲ್ಲ ಎಂಬ ಸಂತೋಷದಲ್ಲಿ, ‘ಎಲ್ಲರಿಗೂ ಟಿಕ್ಯೂ, ನಿಮಗೂ ಹಾಗೇ ಆಗಲಿ’ ಎಂದು ಉತ್ತರಿಸಿದರು.