ಒಂಬತ್ತನೇ ಕಾಲಂ

"ಸರ್, ಒಂಬತ್ತನೇ ಕಾಲಂ ಖಾಲಿ ಬಿಟ್ಟೀರಲ್ರಿ."

ಕಾಲೇಜಿನ ಹೆಡ್ ಕ್ಲಾರ್ಕ್ ನನ್ನ ಅರ್ಜಿಯನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ಕ್ಯಾಪಿನಿಂದ ಆ ಜಾಗವನ್ನು ಎರಡು ಸಲ ಬಡಿದು ತೋರಿಸಿದರು. ಒಂಬತ್ತನೇ ಕಾಲಂ ಅಂದರೆ ಸ್ನಾತಕೋತ್ತರ ಪದವಿ.

"ಸಿಎ ಅಂತ ಬರದೇನಲ್ರಿ, ಕೆಳಗ."

"ಅದು ಹನ್ನೆರಡನೇ ಕಾಲಂ ಸರ್. ಇತರೆ."

ಬಗ್ಗಿ ನೋಡಿದೆ. ಹೌದು, ಇತರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಉದಾಹರಣೆಗಳೂ ಇದ್ದವು: ಟೈಪಿಂಗ್, ಹಿಂದಿ ಪ್ರಥಮಾ, ಎನ್‌ಸಿಸಿ, ಮುಂತಾದವು. ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗಿ ಹದಿನೆಂಟು ವರ್ಷ ಹುಬ್ಬಳ್ಳಿಯಲ್ಲಿ ಪ್ರ್ಯಾಕ್ಟೀಸ್ ಮಾಡಿದ ಮೇಲೆ, ನಾನು 'ಮುಂತಾದವು'ಗಳಲ್ಲಿ ಒಬ್ಬ ಅಂತ ಗೊತ್ತಾಯಿತು.

ಇದು 2024ರ ಸೆಪ್ಟೆಂಬರ್ ಕೊನೆ ವಾರದ ಮಾತು. ಆಡಿಟ್ ವರದಿಗಳ ಕೊನೇ ದಿನ ಹತ್ತಿರ ಬಂದ ಆ ವಾರ ಯಾವ ಸಿಎಯೂ ಊಟಕ್ಕೆ ಕೂಡ ಎದ್ದು ಹೋಗುವುದಿಲ್ಲ. ಆದರೂ ನಾನು ಹೋಗಿದ್ದೆ. ಬಿ.ಕಾಂ. ಮಕ್ಕಳಿಗೆ ಜಿಎಸ್‌ಟಿ ಹೇಳುತ್ತಿದ್ದ ಮೇಷ್ಟ್ರು ಬ್ಯಾಂಕ್ ನೌಕರಿ ಸಿಕ್ಕಿತೆಂದು ಸೆಮಿಸ್ಟರ್ ನಡುವೆಯೇ ಬಿಟ್ಟು ಹೋಗಿದ್ದರು. ಪ್ರಿನ್ಸಿಪಾಲರು ಫೋನ್ ಮಾಡಿ, "ವಾರಕ್ಕ ಎರಡು ತಾಸು ಬಂದು ಹೇಳಿ ಹೋಗ್ರಿ ಸಾಹೇಬ್ರ, ನಿಮಗ ಪುಣ್ಯಾ ಬರತೈತಿ" ಎಂದಿದ್ದರು. ನನಗೂ ಮೇಷ್ಟ್ರಾಗುವ ಆಸೆ ಹಳೆಯದು. ಅರ್ಜಿ ಸುಮ್ನೆ ಫಾರ್ಮಾಲಿಟಿಗೆ ಅಂದಿದ್ದರು. ನಮ್ಮ ದೇಶದಲ್ಲಿ ಫಾರ್ಮಾಲಿಟಿಗಿಂತ ಗಟ್ಟಿಯಾದದ್ದು ಯಾವುದೂ ಇಲ್ಲ ಅನ್ನುವುದನ್ನು ಮರೆತಿದ್ದೆ.

ಫೋನ್ ತೆಗೆದು, 2021ರ ಮಾರ್ಚ್‌ನಲ್ಲಿ ಯುಜಿಸಿ (ವಿಶ್ವವಿದ್ಯಾಲಯಗಳ ಅನುದಾನ ಆಯೋಗ) ಬರೆದ ಪತ್ರ ತೋರಿಸಿದೆ. ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ಐಸಿಡಬ್ಲ್ಯುಎ (ಕಾಸ್ಟ್ ಅಕೌಂಟೆಂಟ್) ಮೂರನ್ನೂ ಸ್ನಾತಕೋತ್ತರ ಪದವಿಗೆ ಸಮಾನ ಅಂತ ಪರಿಗಣಿಸಬೇಕು ಎಂದು ಅದರಲ್ಲಿದೆ. ಕ್ಲಾರ್ಕ್ ಕನ್ನಡಕ ಹಾಕಿಕೊಂಡು ಓದಿದರು. ಬೆರಳಿನಿಂದ ಅಕ್ಷರ ದೊಡ್ಡದು ಮಾಡಿ ಮತ್ತೊಮ್ಮೆ ಓದಿದರು.

"ಸಮಾನ ಅಂತ ಐತಿ. ಎಂ.ಕಾಂ. ಅಂತ ಎಲ್ಲೈತ್ರಿ?"

"ಸಮಾನ ಅಂದ್ರ ಅದ ಅಲ್ಲೇನ್ರಿ?"

"ಡಾಲ್ಡಾನೂ ತುಪ್ಪಕ್ಕ ಸಮಾನ ಅಂತಾರ್ರಿ ಸರ್. ಹಂಗಂತ ಹೋಳಿಗಿ ಮ್ಯಾಲ ಹಾಕ್ಕೋತೀರೇನು?"

ಈ ಪ್ರಶ್ನೆಗೆ ಇನ್‌ಸ್ಟಿಟ್ಯೂಟಿನ ಯಾವ ಸ್ಟಡಿ ಮಟೀರಿಯಲ್‌ನಲ್ಲೂ ಉತ್ತರವಿಲ್ಲ. ಎದ್ದು ನಿಂತೆ. ಅಷ್ಟರಲ್ಲಿ ಅವರು ಹಿಂದಿನ ಕಪಾಟಿಗೆ ಕೈ ಹಾಕಿ ಒಂದು ದಪ್ಪ ಫೈಲ್ ತೆಗೆದರು.

"ಹೆಂಗೂ ಬಂದೀರಿ, ಟ್ರಸ್ಟಿನ ಬ್ಯಾಲನ್ಸ್ ಶೀಟಿಗೆ ಒಂದು ಸೈ ಮಾಡಿಬಿಡ್ರಿ. 30ಕ್ಕ ಲಾಸ್ಟ್ ಡೇಟ್ ಅಂತ ನೀವ ಹೇಳಿದ್ರಿ."

ಆ ಸಂಸ್ಥೆಯ ಲೆಕ್ಕ ನೋಡುವವನು ನಾನೇ. ನಾನು ಟ್ರಸ್ಟಿನ ಆಡಿಟ್ ವರದಿಯ 10ಬಿ ಫಾರ್ಮ್ ಹಾಕದಿದ್ದರೆ ಅವರ ತೆರಿಗೆ ವಿನಾಯಿತಿಗೇ ಕುತ್ತು. ಕಾಲೇಜಿನ ಕೋಟಿಗಟ್ಟಲೆ ಲೆಕ್ಕ ಸರಿಯಾಗಿದೆ ಅಂತ ಸರ್ಕಾರಕ್ಕೆ ಹೇಳಲು ನನ್ನ ಒಂದು ಸೈ ಸಾಕು. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುವುದು) ಅಂದರೇನು ಅಂತ ಹತ್ತೊಂಬತ್ತು ವರ್ಷದ ಹುಡುಗರಿಗೆ ಹೇಳಲು ಮಾತ್ರ ನಾನು ಸಾಲದು. ಅದೇ ಮೇಜು, ಅದೇ ಕುರ್ಚಿ, ಅದೇ ಪೆನ್ನು. ಸೈ ಮಾಡಿದೆ.

ಇಲ್ಲಿ ಒಂದು ಮಾತು. ಲೆಕ್ಕ ನೋಡುವವನೇ ಅಲ್ಲಿ ಪಾಠವನ್ನೂ ಹೇಳಿದರೆ ಹೆಂಗ್ರಿ, ಅದು ಸರಿಯೇನ್ರಿ ಅಂತ ಅವರು ಕೇಳಿದ್ದರೆ ಬಾಯಿ ಮುಚ್ಚಿಕೊಂಡು ಬರುತ್ತಿದ್ದೆ. ಅದು ನ್ಯಾಯವಾದ ತಕರಾರು. ಅದಕ್ಕೆಂದೇ ಒಂದು ರೂಪಾಯಿ ಬೇಡ ಅಂತ ಮೊದಲೇ ಹೇಳಿದ್ದೆ. ಆದರೆ ಆ ತಕರಾರು ಯಾರಿಗೂ ಹೊಳೆಯಲಿಲ್ಲ. ಅದಕ್ಕೆ ಅರ್ಜಿಯಲ್ಲಿ ಕಾಲಂ ಇರಲಿಲ್ಲ ನೋಡಿ.

ಲೆಕ್ಕದ ಪ್ರಕಾರ ಸಿಎ ಇನ್‌ಸ್ಟಿಟ್ಯೂಟ್, ನಮ್ಮ ವಿಶ್ವವಿದ್ಯಾಲಯ ಎರಡೂ ಒಂದೇ ವರ್ಷದ ಕೂಸುಗಳು. ಪಾರ್ಲಿಮೆಂಟಿನ ಕಾಯ್ದೆಯಿಂದ ಸಿಎ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1949ರ ಜುಲೈ 1ಕ್ಕೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯ ಅದೇ ವರ್ಷ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂತು. ಡಿಗ್ರಿ ಕೊಡುವ ಮನೆಯೂ ಸಿಎ ಕೊಡುವ ಮನೆಯೂ ಓರಗೆಯವು. ಇಬ್ಬರೂ ಸಮಾನ ಅಂತ ಕಾಗದದ ಮೇಲೆ ಬರೆಯಲು ದೇಶಕ್ಕೆ 72 ವರ್ಷ ಬೇಕಾಯಿತು. ಆ ಕಾಗದ ದೆಹಲಿಯಿಂದ ಹೆಡ್ ಕ್ಲಾರ್ಕ್ ಮೇಜಿಗೆ ಬರಲು ಇನ್ನೆಷ್ಟು ಬೇಕೋ.

ಸಂಜೆ ಮನೆಗೆ ಬಂದು ಅವ್ವನ ಮುಂದೆ ಗೋಳು ತೋಡಿಕೊಂಡೆ. ಅವ್ವ ಅವರೆಕಾಯಿ ಬಿಡಿಸುತ್ತಾ ಗೋಡೆ ಕಡೆ ನೋಡಿದಳು. ಗೋಡೆಯ ಮೇಲೆ ನಮ್ಮ ಕಾಕಾನ ಫೋಟೋ ಇದೆ. ಕರಿ ಗೌನು, ತಲೆ ಮೇಲೆ ಚೌಕದ ಟೋಪಿ, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಕಾಕಾ ಬಿ.ಎ. ಪಾಸಾಗಿದ್ದು ಮೂರನೇ ದರ್ಜೆಯಲ್ಲಿ. ಆ ಗೌನು ಸ್ಟುಡಿಯೋದವರದು, ಕೈಯಲ್ಲಿದ್ದ ಸುರುಳಿ ಅವತ್ತಿನ ಪೇಪರ್.

"ಪದವಿ ಅಂದ್ರ ಹಂಗಿರಬೇಕು" ಎಂದಳು ಅವ್ವ. "ನಿಂದು ಪೋಸ್ಟಿನಾಗ ಬಂತು. ಪೋಸ್ಟಿನಾಗ ಬರೋದು ಎಲ್‌ಐಸಿ ನೋಟೀಸು."

ಆ ಪೋಸ್ಟಿಗಾಗಿ ನಾನು ಮೂರು ವರ್ಷ ಆರ್ಟಿಕಲ್‌ಶಿಪ್, ಅಂದರೆ ಹಿರಿಯ ಸಿಎ ಕೈಕೆಳಗೆ ತರಬೇತಿ, ಮಾಡಿದ್ದೆ (ಈಗ ಎರಡೇ ವರ್ಷ). ಅಮರಗೋಳದ ಎಪಿಎಂಸಿ ದಲಾಲರ ಅಂಗಡಿಗಳಲ್ಲಿ ಮೆಣಸಿನಕಾಯಿ ಘಾಟಿಗೆ ಸೀನುತ್ತಾ ವೋಚರ್‌ಗಳಿಗೆ ಟಿಕ್ ಹಾಕಿದ್ದೆ. ಫೈನಲ್‌ನಲ್ಲಿ ಆಗ ಎಂಟು ಪೇಪರ್, ಈಗ ಆರು. ಪ್ರತಿ ಪೇಪರಿನಲ್ಲಿ ಕನಿಷ್ಠ 40, ಗ್ರೂಪಿಗೆ ಒಟ್ಟು ಶೇ. 50 ಬರಬೇಕು. ಮೂರು ಪೇಪರಿನಲ್ಲಿ 55 ಬಂದು, ಒಂದರಲ್ಲಿ 38 ಬಂದರೆ ನಾಲ್ಕನ್ನೂ ಮತ್ತೆ ಬರೀ. ನಾನು ದಾಟಿದ್ದು ನಾಲ್ಕನೇ ಸಲಕ್ಕೆ. ಅವತ್ತು ಅಪ್ಪ ಲೈನ್ ಬಜಾರಿಗೆ ಹೋಗಿ ಐದು ಕಿಲೋ ಪೇಡೆ ತಂದು ಓಣಿಗೆಲ್ಲ ಹಂಚಿದ. ಪೇಡೆ ತಿಂದ ಪಕ್ಕದ ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಛಲೋ ಆತು. ಇನ್ನ ಮುಂದ ಏನ ಓದಸ್ತೀರಿ?"

ನಮ್ಮ ಕಡೆ ಜನಕ್ಕೆ ಡಿಗ್ರಿ ಅಂದರೆ ಹಾಗೇ. ವಿದ್ಯಾನಗರದ ಓಣಿಗಳಲ್ಲಿ ಒಮ್ಮೆ ಸುತ್ತಿ ಬನ್ನಿ, ಬಾಗಿಲ ಬೋರ್ಡುಗಳನ್ನು ಓದಿ. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ನಮ್ಮ ಹುಬ್ಬಳ್ಳಿಯದು, 1,507 ಮೀಟರ್. ಕೆಲವರ ಹೆಸರಿನ ಹಿಂದಿರುವ ಅಕ್ಷರಗಳು ಅದರ ಮೇಲೂ ಹಿಡಿಸಲಿಕ್ಕಿಲ್ಲ.

ಇದೇ ಹೊತ್ತಿಗೆ ಅಕ್ಕನ ಮಗ ಗದಗಿನಿಂದ ಬಂದ. ಸಿಎ ಮುಗಿಸಿ ಎಂಟು ತಿಂಗಳಾಗಿತ್ತು. ಬೆಂಗಳೂರಿನಲ್ಲಿ ವರ್ಷಕ್ಕೆ ಹತ್ತು ಲಕ್ಷದ ನೌಕರಿ. ಮುಖ ಮಾತ್ರ ಮೂರನೇ ಸಲ ಫೇಲಾದವನ ಹಾಗಿತ್ತು.

"ಮಾಮಾ, ಎಂಬಿಎ ಮಾಡ್ಲೋ, ಎಂ.ಕಾಂ. ಮಾಡ್ಲೋ?"

"ಯಾಕ, ಏನಾಗೈತಿ?"

"ಕನ್ಯಾದವರು ಕೇಳಾಕತ್ತಾರ. ಹುಡುಗಿ ಎಂ.ಟೆಕ್. ಅಂತ. ಸಿಎ ಅಂದ್ರ, ಅದಿರಲಿ, ಪಿಜಿ ಏನು ಅಂತಾರ."

ಟ್ಯಾಕ್ಸ್ ಆಡಿಟ್‌ನ ಹಳೇ 3ಸಿಡಿ ಫಾರ್ಮಿನ ಬೆನ್ನ ಮೇಲೆ ಅವನಿಗೆ ಲೆಕ್ಕ ಹಾಕಿಕೊಟ್ಟೆ. ಹೆಸರಿರುವ ಕಡೆ ಎಂಬಿಎ ಅಂದರೆ ಫೀ ಇಪ್ಪತ್ತು ಲಕ್ಷದ ಮೇಲೆ. ಅದನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಎರಡು ವರ್ಷ ಕೈಬಿಡುವ ಪಗಾರ ಇಪ್ಪತ್ತು ಲಕ್ಷ, ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಒಟ್ಟು ನಲವತ್ತು. ಇದನ್ನು ಆಸ್ತಿ ಅಂತ ತೋರಿಸೋಣ ಅಂದರೆ ಮುಟ್ಟಲು ಬರುವುದಿಲ್ಲ, ಮಾರಲು ಬರುವುದಿಲ್ಲ. ಗುಡ್‌ವಿಲ್ (ಒಳ್ಳೆ ಹೆಸರಿನ ಬೆಲೆ) ಅನ್ನೋಣ ಅಂದರೆ, ಗುಡ್‌ವಿಲ್ ಮೇಲೆ ಡಿಪ್ರಿಸಿಯೇಷನ್ (ಸವಕಳಿ) ಇಲ್ಲ ಅಂತ 2021ರ ಬಜೆಟ್‌ನಲ್ಲೇ ಕತ್ತರಿಸಿ ಹಾಕಿದ್ದಾರೆ. ತೆರಿಗೆಯಲ್ಲಿ ಏನಾದರೂ ಉಳಿದೀತೇ? ಹಳೇ ತೆರಿಗೆ ಪದ್ಧತಿಯಲ್ಲಿ, ಆಗಿನ 80ಸಿ ಕಲಮಿನಡಿ, ಮಕ್ಕಳ ಟ್ಯೂಷನ್ ಫೀಗೆ ವಿನಾಯಿತಿ ಇತ್ತು, ತಾನೇ ಓದಿದರೆ ಇಲ್ಲ. ಆದರೆ ಸಾಲ ಮಾಡಿ ಓದಿದರೆ ಬಡ್ಡಿಗೆ 80ಇ ಕಲಮಿನಡಿ ವಿನಾಯಿತಿ ಕೊಡುತ್ತಿದ್ದರು, ಎಂಟು ವರ್ಷದ ತನಕ. ಅಂದರೆ ನೀನು ಕಲಿಯೋದು ಸರ್ಕಾರಕ್ಕೆ ಅಷ್ಟೇನೂ ಬೇಕಿಲ್ಲ ತಮ್ಮಾ, ಸಾಲಗಾರ ಆದರೆ ಮಾತ್ರ ಕನಿಕರ.

ಇನ್ನೂ ಮಜಾ ಮುಂದಿದೆ. ಪರೀಕ್ಷೆಗೆ ಕೋಚಿಂಗ್ ಕ್ಲಾಸಿಗೆ ಹೋದರೆ ಫೀ ಮೇಲೆ ಶೇ. 18 ಜಿಎಸ್‌ಟಿ. ಮಾನ್ಯತೆ ಪಡೆದ ಡಿಗ್ರಿಗೆ ಜಿಎಸ್‌ಟಿ ಇಲ್ಲ. ಕಲಿಸಿದರೆ ಟ್ಯಾಕ್ಸ್, ಸರ್ಟಿಫಿಕೇಟ್ ಕೊಟ್ಟರೆ ಮಾಫಿ.

ಸುಳ್ಳು ಯಾಕೆ ಹೇಳಲಿ, ಡಿಗ್ರಿಯಿಂದ ಉಪಯೋಗ ಆಗುವವರೂ ಇದ್ದಾರೆ. ನನ್ನ ಜೊತೆ ಆರ್ಟಿಕಲ್ ಮಾಡಿದವನೊಬ್ಬ ಟ್ಯಾಕ್ಸ್ ಆಡಿಟ್ ಕಂಡರೆ ವಾಕರಿಕೆ ಅಂತ ಎಂಬಿಎಗೆ ಹೋದ. ಈಗ ದೊಡ್ಡ ಕಂಪನಿಯಲ್ಲಿ ವ್ಯಾಪಾರ ನೋಡಿಕೊಳ್ಳುತ್ತಾನೆ, ನನ್ನಂಥವರು ಬರೆದ ನೋಟ್ ಓದದೇ ಸೈ ಮಾಡುತ್ತಾನೆ. ದಾರಿ ಬದಲಿಸುವವನಿಗೆ, ಪಿಎಚ್‌ಡಿ ಹುಚ್ಚು ಹಿಡಿದವನಿಗೆ ಅದು ಬೇಕು. ಬರೀ ಲೆಕ್ಕದ ಕೆಲಸದಲ್ಲೇ ಇರುವವನಿಗೆ ಎಂ.ಕಾಂ. ಅಂದರೆ ಈಜಿ ಹೊಳೆ ದಾಟಿದವನು ದೋಣಿ ಟಿಕೆಟ್ ಕೊಂಡಂತೆ.

ಹುಡುಗ ಲೆಕ್ಕ ನೋಡಿದ. "ಬ್ಯಾಡಬಿಡು ಮಾಮಾ" ಎಂದ. ದುರ್ಗದಬೈಲಿನಲ್ಲಿ ಇಬ್ಬರೂ ಗಿರಮಿಟ್ ಮಿರ್ಚಿ ತಿಂದೆವು. ಕನ್ಯಾ ಬೇರೆ ಕಡೆ ಆಯಿತು. ಈ ಹುಡುಗಿಯೂ ಸಿಎ, ಹಾಗಾಗಿ ಯಾರೂ ಏನೂ ಕೇಳಲಿಲ್ಲ.

ಅಕ್ಟೋಬರ್‌ನಲ್ಲಿ ಆ ಕಾಲೇಜಿಗೆ ಹೊಸ ಅತಿಥಿ ಉಪನ್ಯಾಸಕ ಬಂದ. ಎಂ.ಕಾಂ., ಒಂಬತ್ತನೇ ಕಾಲಂ ಭರ್ತಿ. ಒಂದು ಸಂಜೆ ಕೊಪ್ಪಿಕರ ರಸ್ತೆ ಹಿಂದಿನ ನನ್ನ ಆಫೀಸಿಗೆ ಬಂದು ಬಾಗಿಲಲ್ಲೇ ನಿಂತ. ಒಳ್ಳೆಯ ಹುಡುಗ, ಕಾಲರ್ ಹತ್ತಿರ ಸೀಮೆಸುಣ್ಣದ ಪುಡಿ. ತಾಸಿನ ಲೆಕ್ಕದಲ್ಲಿ ಸಂಬಳ, ಅದೂ ತಿಂಗಳುಗಟ್ಟಲೆ ತಡ.

"ಸರ್, ಜಿಎಸ್‌ಟಿಆರ್-3ಬಿ ಅಂದ್ರ ಪೋರ್ಟಲ್‌ನಾಗ ಹೆಂಗಿರ್ತೈತಿ ಒಮ್ಮಿ ತೋರಸ್ರಿ. ನಾಳಿ ಕ್ಲಾಸ್ ಐತಿ. ಪುಸ್ತಕದಾಗ ಚಿತ್ರ ಮಸಕ ಬಂದೈತಿ."

ಜಿಎಸ್‌ಟಿ ಕಟ್ಟುವ ರಿಟರ್ನ್ ಅದು. ತೋರಿಸಿದೆ. ಒಂದೂವರೆ ತಾಸು. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎಲ್ಲಿ ಕೂರುತ್ತದೆ, 2ಬಿಗೆ (ಮಾರಿದವರು ತುಂಬಿದ ಲೆಕ್ಕದ ಪಟ್ಟಿಗೆ) ಹೊಂದದಿದ್ದರೆ ಏನಾಗುತ್ತದೆ, ನೋಟೀಸ್ ಹೇಗೆ ಬರುತ್ತದೆ, ಎಲ್ಲ ಬರೆದುಕೊಂಡ. ಚಹಾ ಕುಡಿದ. "ನಿಮ್ಮಂಗ ಯಾರೂ ಹೇಳಿರ್ಲಿಲ್ರಿ ಸರ್. ನೀವ್ಯಾಕ ಕಾಲೇಜಿಗೆ ಬರೂದಿಲ್ಲ?" ಎಂದ. ಅವನಿಗೆ ಗೊತ್ತಿರಲಿಲ್ಲ. ಹೇಳಲೂ ಮನಸ್ಸಾಗಲಿಲ್ಲ.

ಈಗ ನಾಚಿಕೆಯ ಭಾಗ. ಅಳಿಯನಿಗೆ ನಲವತ್ತು ಲಕ್ಷದ ಲೆಕ್ಕ ಹಾಕಿ ಬೇಡ ಅಂದವನೇ ಮರುವರ್ಷ ದೂರಶಿಕ್ಷಣದ ಎಂ.ಕಾಂ.ಗೆ ಅರ್ಜಿ ಹಾಕಿದೆ. ಹೆಂಡತಿಗೂ ಹೇಳದೆ. ಆ ಖಾಲಿ ಕಾಲಂ ರಾತ್ರಿ ಕಣ್ಣ ಮುಂದೆ ಬರುತ್ತಿತ್ತು. ಆರ್ಟಿಕಲ್‌ಶಿಪ್ ಮಾಡುತ್ತ ಕಟ್ಟಿದ್ದ ಬಿ.ಕಾಂ. ಮಾರ್ಕ್ಸ್ ಕಾರ್ಡ್ ಟ್ರಂಕಿನ ತಳದಿಂದ ತೆಗೆದು ಝೆರಾಕ್ಸ್ ಮಾಡಿಸಿದೆ. ಆ ಅರ್ಜಿಯಲ್ಲೂ 'ಇತರೆ' ಇತ್ತು. ಏನೂ ಬರೆಯಲಿಲ್ಲ.

ಸಂಪರ್ಕ ತರಗತಿ ಭಾನುವಾರ, ಧಾರವಾಡದಲ್ಲಿ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಉಣಕಲ್ ಕೆರೆ ದಾಟುವಾಗ ನೋಟ್‌ಬುಕ್ ತೆಗೆದು ಹೆಸರು ಬರೆದೆ. ನಲವತ್ತು ದಾಟಿದ ಮೇಲೂ ಹೊಸ ನೋಟ್‌ಬುಕ್ಕಿನ ವಾಸನೆ ಹಿತವೇ. ಕ್ಲಾಸಿನಲ್ಲಿ ಹಿಂದಿನ ಬೆಂಚು ಹಿಡಿದೆ. ಬಾಗಿಲು ತೆರೆದು ಮೇಷ್ಟ್ರು ಒಳಗೆ ಬಂದರು. ಕಾಲರ್ ಹತ್ತಿರ ಸೀಮೆಸುಣ್ಣದ ಪುಡಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕೂಡಲೇ ಬೇರೆ ಕಡೆ ನೋಡಿದೆವು. ಅವನು ಹಾಜರಿ ಕೂಗಿದ. ನಾನು "ಎಸ್ ಸರ್" ಎಂದೆ. ಅವನ ಕಿವಿ ಕೆಂಪಾಯಿತು.

2025ರ ನವೆಂಬರ್‌ನಲ್ಲಿ ಇಂಟರ್ನಲ್ ಪರೀಕ್ಷೆ. ಹತ್ತು ಅಂಕದ ಪ್ರಶ್ನೆ: ಜಿಎಸ್‌ಟಿ ದರಗಳನ್ನು ವಿವರಿಸಿ. ನಗು ತಡೆದುಕೊಂಡು ಬರೆದೆ. ಪೇಪರ್ ಕೊಡುವ ದಿನ ನನಗೆ ಹತ್ತಕ್ಕೆ ನಾಲ್ಕು. ಕ್ಲಾಸ್ ಮುಗಿದ ಮೇಲೆ ಅವನೇ ವರಾಂಡದಲ್ಲಿ ನನ್ನನ್ನು ಹಿಡಿದ.

"ತಪ್ಪ ತಿಳ್ಕೋಬ್ಯಾಡ್ರಿ ಸರ್. ಪುಸ್ತಕದಾಗ 5, 12, 18, 28 ಅಂತ ನಾಕು ಅದಾವ. ನೀವು 5, 18, 40 ಅಂತ ಬರದೀರಿ."

"ಸೆಪ್ಟೆಂಬರ್ 22ಕ್ಕ ಬದಲಾತಲ್ಲೋ ತಮ್ಮಾ."

"ನನಗ ಗೊತ್ತೈತ್ರಿ. ಸಿಲಬಸ್ಸಿಗೆ ಗೊತ್ತಿಲ್ಲ."

ಮುಂದಿನ ಭಾನುವಾರ ವಾರ್ಷಿಕ ರಿಟರ್ನಿನ ಪಾಠವಂತೆ, ಜಿಎಸ್‌ಟಿಆರ್-9. ಶನಿವಾರ ಸಂಜೆ ಆಫೀಸಿನಲ್ಲಿ ಇರುತ್ತೀರಾ ಅಂತ ಕೇಳಿದ. ಒಮ್ಮೆ ತೋರಿಸಿಕೊಡಬೇಕಂತೆ.