ನಾಲ್ಕು ಬಿಟ್ರೆ ಸರಿಹೋಗ್ತಾರಂತೆ!

ಬೆಳಗ್ಗೆ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಿಡಿಯೋ. ಗಾಂಜಾ ಸೇದಿ ಸಿಕ್ಕಿಬಿದ್ದ ಹುಡುಗರನ್ನು ಸಾಲಾಗಿ ನಿಲ್ಲಿಸಿ ಬಸ್ಕಿ ಹೊಡೆಸುತ್ತಿದ್ದಾರೆ. ಕೆಳಗೆ ಚಪ್ಪಾಳೆಯೋ ಚಪ್ಪಾಳೆ. "ನಾಲ್ಕು ಬಿಟ್ಟು ಒಳಗೆ ಹಾಕಿ, ತಾನಾಗೇ ಸರಿಹೋಗ್ತಾರೆ" ಅಂತ ಒಬ್ಬರು ನಿವೃತ್ತ ಇಂಜಿನಿಯರ್ ಸಾಹೇಬರು. ಸೇತುವೆ ಬಿರುಕು ಬಿಟ್ಟಾಗಲೂ ಒದ್ದೇ ಸರಿಮಾಡ್ತಿದ್ರೇನೋ!

ಇಂಥ ಕೇಸು ಹಿಡಿದೇ ಕೋರ್ಟಿಗೆ ಅಲೆಯೋ ವಕೀಲೆ ನಾನು. ಸುಮ್ನಿರೋಕೆ ಆಗಲಿಲ್ಲ.

ಒಳಗೆ ಹಾಕಿದರೆ ಏನಾಗುತ್ತೆ ಅಂತ ಲೆಕ್ಕ ಇಟ್ಟವರಿದ್ದಾರೆ ಸ್ವಾಮಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1999ರಿಂದ 2003ರವರೆಗೆ ಜೈಲಿನಿಂದ ಬಿಡುಗಡೆಯಾದ 30,000ಕ್ಕೂ ಹೆಚ್ಚು ಜನರ ದಾಖಲೆ ತೆಗೆದು ನೋಡಿದರು. ಹೊರಬಂದ ಮೊದಲ ಎರಡು ವಾರ ಓವರ್‌ಡೋಸ್‌ನಿಂದ ಸಾಯುವ ಅಪಾಯ ಅಲ್ಲಿನ ಉಳಿದ ಜನರಿಗಿಂತ 129 ಪಟ್ಟು ಜಾಸ್ತಿ! ಹೆರಾಯಿನ್‌ನಂಥ ಅಫೀಮಿನ ಜಾತಿಯ ಡ್ರಗ್ಸ್ ವಿಷಯದಲ್ಲಿ ಕಾರಣ ಸರಳ. ಒಳಗಿದ್ದಾಗ ಮೈಗೆ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತೆ, ಆಸೆ ಇಳಿದಿರಲ್ಲ. ಹೊರಬಂದವನು ಹಳೇ ಅಳತೆಯಲ್ಲೇ ತಗೊಳ್ತಾನೆ. ಮುಗೀತು.

ಅದೇ ದೇಶದ ರೋಡ್ ಐಲೆಂಡ್‌ನಲ್ಲಿ 2016ರಲ್ಲಿ ಜೈಲಿನೊಳಗೇ ಮೆಥಡೋನ್, ಬ್ಯೂಪ್ರೆನಾರ್ಫಿನ್ ಅನ್ನೋ, ಹೆರಾಯಿನ್‌ನಂಥ ಚಟ ಬಿಡಿಸುವ ಔಷಧಿ ಕೊಡಲು ಶುರುಮಾಡಿದರು. ಹೊರಬಂದ ಮೇಲೂ ಮುಂದುವರಿಸಿದರು. ಜೈಲಿನಿಂದ ಬಂದು ವರ್ಷದೊಳಗೆ ಓವರ್‌ಡೋಸ್‌ನಿಂದ ಸತ್ತವರು ಆ ವರ್ಷದ ಮೊದಲ ಆರು ತಿಂಗಳಲ್ಲಿ 26 ಜನ. ಮರುವರ್ಷ ಅದೇ ಅವಧಿಯಲ್ಲಿ 9. ಯಾರಿಗೂ ಬಸ್ಕಿ ಹೊಡೆಸಿರಲಿಲ್ಲ.

"ಒಂದು ನಶೆ ಬಿಡಿಸೋಕೆ ಇನ್ನೊಂದು ನಶೆಯಾ?" ಈ ಪ್ರಶ್ನೆ ಬಂದೇ ಬರುತ್ತೆ. ಆ ಮಾತ್ರೆಗಳೂ ಅದೇ ಜಾತಿಯವು, ನಿಜ. ಆದರೆ ವೈದ್ಯರು ಹೇಳಿದಷ್ಟು ತಗೊಂಡವನು ಕೆಲಸಕ್ಕೆ ಹೋಗ್ತಾನೆ, ಸರ ಕೀಳೋಕೆ ಹೋಗಲ್ಲ. ನಮ್ಮ ತಿಹಾರ್ ಜೈಲಿನಲ್ಲೇ 2008ರಿಂದ ಬ್ಯೂಪ್ರೆನಾರ್ಫಿನ್ ಚಿಕಿತ್ಸೆ ಇದೆ. ಗಾಂಜಾಗೆ ಇಂಥ ಮಾತ್ರೆ ಇಲ್ಲ, ಒಪ್ಪುತ್ತೇನೆ. ಅಲ್ಲಿ ಕೂರಿಸಿಕೊಂಡು ಮಾತಾಡುವುದೇ ಚಿಕಿತ್ಸೆ. ವಾರಗಟ್ಟಲೆ, ತಿಂಗಳುಗಟ್ಟಲೆ. ಯಾವ ನಶೆಯೇ ಆಗಲಿ, ಮೂರು ತಿಂಗಳಿಗಿಂತ ಕಡಿಮೆ ಚಿಕಿತ್ಸೆಯಿಂದ ದೊಡ್ಡ ಪ್ರಯೋಜನ ಇಲ್ಲ ಅಂತಲೇ ಸಂಶೋಧಕರು ಹೇಳೋದು. ನಮಗೋ, ಹತ್ತು ದಿನದಲ್ಲಿ ಗ್ಯಾರಂಟಿ ಬೇಕು. ಇಲ್ಲಾ, ಗೊತ್ತಾಗದ ಹಾಗೆ ಸಾಂಬಾರಿಗೆ ಬೆರೆಸುವ ಪುಡಿ ಬೇಕು.

ಕೋಪ ನನಗೂ ಬರುತ್ತೆ. ಕುಡಿಯುವ ಅಪ್ಪನ ಮನೆಯಲ್ಲಿ ಬೆಳೆದವಳು ನಾನು. ಯಾರಾದರೂ ಇವನಿಗೆ ನಾಲ್ಕು ಬಿಡಲಿ ಅಂತ ದೇವರಿಗೆ ಕೈಮುಗಿದವಳು. ಒಮ್ಮೆ ಚಿಕ್ಕಪ್ಪಂದಿರು ಬಿಟ್ಟರೂ ಬಿಟ್ಟರು. ಅವತ್ತು ರಾತ್ರಿ ಇನ್ನೂ ಜಾಸ್ತಿ ಕುಡಿದು ಬಂದ. ಆ ಸಿಟ್ಟು ಅಮ್ಮನ ಮೇಲೆ ಇಳೀತು.

ತಮಾಷೆ ಏನಂದ್ರೆ, ನಮ್ಮ ಕಾನೂನಿಗೇ ಈ ಗ್ರೂಪಿಗಿಂತ ಜಾಸ್ತಿ ಬುದ್ಧಿ ಇದೆ. ಮಾದಕವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಕಠಿಣ ಅಂತ ಎಲ್ಲರೂ ಹೇಳ್ತಾರೆ. ಅದರಲ್ಲೇ 64ಎ ಅಂತ ಒಂದು ಸೆಕ್ಷನ್ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಕಡೆ ತಾನಾಗಿ ಚಿಕಿತ್ಸೆ ಪಡೆದರೆ ಆ ಕೇಸು ನಡೆಸುವ ಹಾಗಿಲ್ಲ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ. ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ನಿಮ್ಮ ಮನೆ ಹುಡುಗ ಹಾಗೆ ಸಿಕ್ಕಿಬಿದ್ದಿದ್ದರೆ ವಕೀಲರನ್ನು ಮೊದಲು 64ಎ ಬಗ್ಗೆ ಕೇಳಿ. ಅವರು ಕಣ್ಣುಕಣ್ಣು ಬಿಟ್ಟರೆ ಫೈಲ್ ವಾಪಸ್ ಇಸ್ಕೊಂಡು ಬೇರೆಯವರ ಹತ್ತಿರ ಹೋಗಿ.